ಕಂಪ್ಯೂಟರಿನ ಹೊಟ್ಟೆಯೊಳಗಿನ ಹಳೇ ಸಂಸಾರ

ನಮ್ಮ ಮನೆಯಲ್ಲಿ ಚಹಾಪುಡಿ ಹಾಕಿಡುವ ಒಂದು ಸ್ಟೀಲ್ ಡಬ್ಬಿ ಇದೆ. ಮುಚ್ಚಳ ಬಲು ಬಿಗಿ. ಬೆಳಿಗ್ಗೆ ಅದನ್ನು ತೆಗೆಯುವಾಗ ಮೊದಲು ಉಗುರು ಮುರಿಯುತ್ತದೆ, ಆಮೇಲೆ ಬೈಗುಳ ಬರುತ್ತದೆ, ಕಡೆಗೆ ಚಹಾ. ಇಷ್ಟು ದಿನ ನನಗೂ ಡಬ್ಬಿಗೂ ಇದ್ದ ಸಂಬಂಧ ಅಷ್ಟೇ. ಈಗ ಅದನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಡಬ್ಬಿ ಏನೂ ಮಾಡಿಲ್ಲ, ಪಾಪ. ಮಾಡಿದ್ದೆಲ್ಲ ಕಂಪ್ಯೂಟರ್. ಡಬ್ಬಿಗೂ ಕಂಪ್ಯೂಟರಿಗೂ ಏನು ನಂಟು ಅಂತ ಈಗಲೇ ಕೇಳಬೇಡಿರಿ. ನಾನು ನಾಲ್ಕನೆಯ ಕ್ಲಾಸಿಗೇ ಸಾಲಿ ಬಿಟ್ಟವಳು, ನನ್ನ ಮಾತು ನೆಟ್ಟಗೆ ಸ್ಟೇಶನ್ನಿಗೆ ಹೋಗುವ ರಸ್ತೆಯಲ್ಲ. ನಾಲ್ಕು ಗಲ್ಲಿ ಸುತ್ತಿಸಿ ಮುಟ್ಟಿಸುತ್ತೇನೆ.

ಹೋದ ತಿಂಗಳು ಒಂದು ಬೆಳಿಗ್ಗೆ ಸೊಸೆ ಶಾರದಾ ಕಂಪ್ಯೂಟರಿನ ಮುಂದೆ ಕೂತವಳು "ಅಯ್ಯ ಶಿವನೇ" ಅಂದಳು. ಒಲೆಯ ಮುಂದಿದ್ದ ನಾನು ಸೌಟು ಹಿಡಿದೇ ಬಂದೆ.

"ಏನಾತು? ಕರೆಂಟ್ ಹೊಡೀತೇನು?"

"ಇಲ್ಲತ್ತಿ. ಜಾಗ ಇಲ್ಲ ಅನ್ನಾಕತ್ತೇತಿ."

"ಯಾರು?"

"ಇದು. ಕಂಪ್ಯೂಟರ್."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಯಾಕೆ ಅಂತ ಹೇಳುತ್ತೇನೆ. ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಂದು ರೂಮು, ಒಂದು ಕಿಚನ್. ಅದರಲ್ಲಿ ಮಗ, ಸೊಸೆ, ಮೊಮ್ಮಗಳು, ನಾನು. ಈ ಮನೆಯಲ್ಲಿ ತನ್ನದೇ ಮೇಜು ಇರುವುದು ಈ ಕಂಪ್ಯೂಟರಿಗೆ ಮಾತ್ರ. ನಾನು ಮಲಗುವುದು ನೆಲದ ಮೇಲೆ, ಕಾಲು ಅದರ ಮೇಜಿನ ಕೆಳಗೆ. ಮನೆಯಲ್ಲಿ ಯಾರಾದರೂ ಜಾಗ ಇಲ್ಲ ಅನ್ನುವುದಿದ್ದರೆ ಅದು ನನ್ನ ಕಾಲು ಅನ್ನಬೇಕು.

ಇನ್ನೊಂದು, ನಮ್ಮ ಮಂದಿ ಆ ಮಾತು ಆಡುವುದಿಲ್ಲ. ಮೊದಲು ನಾವು ಶಹಾಡಿನಲ್ಲಿ ಇದ್ದೆವು, ಗಂಡ ಅಲ್ಲಿ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ವಿಜಯಪುರದ ಕಡೆಯಿಂದ ಯಾರು ಗಂಟು ಹೊತ್ತು ಇಳಿದರೂ ನಮ್ಮ ಬಾಗಿಲಿಗೇ. ಒಬ್ಬ ಮಂಚದ ಕೆಳಗೆ, ಒಬ್ಬ ಬಚ್ಚಲ ಮೋರಿಯ ಪಕ್ಕ, ಸಣ್ಣವನಿದ್ದರೆ ಮಾಳಾದ ಮೇಲೆ. ಮಾಳಾ ಅಂದರೆ ಅಟ್ಟ; ಮುಂಬಯಿ ಕಡೆಯ ಪ್ರತಿ ರೂಮಿಗೂ ಒಂದು ಇರುತ್ತದೆ, ದೇವರಿಲ್ಲದ ಮನೆ ಸಿಗಬಹುದು, ಮಾಳಾ ಇಲ್ಲದ ಮನೆ ಸಿಗುವುದಿಲ್ಲ. ರಾತ್ರಿಪಾಳಿಯವ ಬಂದು ದಿನಪಾಳಿಯವ ಎದ್ದ ಹಾಸಿಗೆಯಲ್ಲಿ ಬೀಳುತ್ತಿದ್ದ, ಹಾಸಿಗೆ ಎಂದೂ ಆರುತ್ತಿರಲಿಲ್ಲ. ಸಿಟ್ಟು ಬಂದಿದೆ, ಜಗಳ ಆಗಿದೆ, ಒಬ್ಬ ಇನ್ನೊಬ್ಬನ ಚಪ್ಪಲಿ ಹಾಕಿಕೊಂಡು ಊರಿಗೇ ಹೋಗಿದ್ದಾನೆ. ಆದರೆ ಬಾಗಿಲಿಗೆ ಬಂದವನಿಗೆ "ಜಾಗ ಇಲ್ಲ" ಅಂದಿಲ್ಲ. ಅಂಥ ಮನೆಯಲ್ಲಿ ಕೂತು ಈ ಮಶೀನು ಎಷ್ಟು ಸೊಕ್ಕಿನಿಂದ ಅಂತು ನೋಡಿರಿ.

ಸೊಕ್ಕಿನ ಮಾತು ಹಾಗಿರಲಿ. ಅದು ಹಟ ಹಿಡಿದದ್ದು ಕೆಟ್ಟ ಹೊತ್ತಿನಲ್ಲಿ. ಶಾರದಾ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಎಂಬ್ರಾಯ್ಡರಿ ಡಿಸೈನ್ ಮಾಡುತ್ತಾಳೆ. ಇಲ್ಲಿ ಮಾಡಿದ್ದನ್ನು ಕಾರ್ಖಾನೆಯ ಮಶೀನಿಗೆ ಹಾಕಿದರೆ ಅದು ಬ್ಲೌಸಿನ ಮೇಲೆ ಹಾಗೇ ಹೊಲಿಯುತ್ತದೆ. ಇಷ್ಟು ವರ್ಷ ಬೇರೆಯವರ ಕೈಕೆಳಗೆ ಗುಲಾಬಿ ಹೂವು ಮಾಡಿಕೊಂಡಿದ್ದಳು. ಈಗ ಕಲ್ಯಾಣದ ಒಂದು ಬ್ಲೌಸ್ ಕಾರ್ಖಾನೆ ಅವಳ ಹೆಸರಿಗೇ ಮೊದಲನೆಯ ಆರ್ಡರ್ ಕೊಟ್ಟಿತ್ತು. ಗುಲಾಬಿ ಬೇಡ, ಕಸೂತಿ ಬೇಕು ಅಂದಿದ್ದರು. ಮರುದಿನವೇ ತೋರಿಸಬೇಕು.

ಆ ಕಸೂತಿ ನನ್ನದು.

ನನ್ನ ಅವ್ವನ ತವರು ಇಳಕಲ್ಲಿನ ಕಡೆ. ಸಾಲಿ ಬಿಡಿಸಿ ಸೂಜಿ ಕೊಟ್ಟಳು. ಕಸೂತಿಗೆ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಕೊಂಡು ಹೋಗಬೇಕು. ಗಂಟು ಹಾಕುವ ಹಾಗಿಲ್ಲ. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ಆನೆಗೆ ಐದನೆಯ ಕಾಲು ಬರುತ್ತಿತ್ತು, ಅವ್ವನ ಕೈ ನನ್ನ ತಲೆಗೆ ಬರುತ್ತಿತ್ತು. ಹಾಗೆ ಕಲಿತದ್ದನ್ನೆಲ್ಲ ಒಂದು ಕೋರಾ ಬಟ್ಟೆಯ ಮೇಲೆ ಸಾಲಾಗಿ ಹಾಕಿಟ್ಟಿದ್ದೆ: ತೊಟ್ಟಿಲು, ಗಿಳಿ, ತುಳಸಿಕಟ್ಟೆ, ಗೋಪುರ, ನಾಲ್ಕೇ ಕಾಲಿನ ಆನೆ. ಈಗ ಕಣ್ಣಿಗೆ ಪೊರೆ. ಬಟ್ಟೆಯೇ ಮಸುಕು, ಎಳೆ ಎಲ್ಲಿಂದ ಕಾಣಬೇಕು? ಕೈಯೂ ನಡುಗುತ್ತದೆ. ಶಾರದಾ ಆ ಬಟ್ಟೆಯ ಫೋಟೋ ತೆಗೆದು, ವರ್ಷಗಟ್ಟಲೆ ಬಿಡುವಾದಾಗ ಕೂತು, ಹೊಲಿಗೆಗೆ ಹೊಲಿಗೆ ಕಂಪ್ಯೂಟರಿನಲ್ಲಿ ಇಳಿಸಿದ್ದಳು.

ಹಾಗಾದರೆ ಬಟ್ಟೆ ಎಲ್ಲಿ ಅಂತ ಕೇಳುತ್ತೀರಿ. ಈಗ ಡಬ್ಬಿಯ ಗಲ್ಲಿಗೆ ಬಂದೆವು. ನಮ್ಮ ಕಡೆ ಭಾಂಡೀವಾಲಿ ಬರುತ್ತಾಳೆ. ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವವಳು. ಅವಳೊಂದಿಗೆ ಚೌಕಾಸಿ ಮಾಡುವುದರಲ್ಲಿರುವಷ್ಟು ಸುಖ ನನಗೆ ತೀರ್ಥಯಾತ್ರೆಯಲ್ಲೂ ಸಿಕ್ಕಿಲ್ಲ. ಎರಡು ಸೀರೆ, ಮಗನ ಪ್ಯಾಂಟು ಕೊಟ್ಟು ಈ ಡಬ್ಬಿ ಕೇಳಿದೆ. "ಆಜೀ, ಔರ್ ಏಕ್ ಕಪಡಾ ಡಾಲೋ" ಅಂದಳು, ಇನ್ನೊಂದು ಬಟ್ಟೆ ಹಾಕು ಅಂತ. ಕೈಗೆ ಸಿಕ್ಕದ್ದು ಕಸೂತಿ ಬಟ್ಟೆ. ನಡುವೆ ಇಲಿ ಕಡಿದ ತೂತು ಇತ್ತು. ಕಂಪ್ಯೂಟರಿನಲ್ಲಿ ಇಳಿದದ್ದೂ ಆಗಿತ್ತು. ಕೊಟ್ಟೆ. ಅವಳು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಇಸ್ ಮೇ ಸೀಧಾ ಕೌನ್ ಸಾ?" ಅಂದಳು, ಇದರಲ್ಲಿ ಸರಿಯಾದ ಬದಿ ಯಾವುದು ಅಂತ. ಎರಡೂ ಸೀದಾನೇ ಅಂದೆ. ತೂತು ಇದೆ ಅಂತ ಮೂಗು ಮುರಿದೇ ಗಂಟಿಗೆ ಹಾಕಿಕೊಂಡಳು. ಸಂಜೆ ಶಾರದಾಗೆ ಹೇಳಿದಾಗ ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ತೂತುಬಿದ್ದ ಬಟ್ಟಿ ಪೂಜಿ ಮಾಡ್ತೀಯೇನು?" ಅಂತ ಬಾಯಿ ಮುಚ್ಚಿಸಿದೆ. ಫೋಟೋ ತೆಗೆದ ಫೋನೂ ಆಮೇಲೆ ಲೋಕಲ್ ಗಾಡಿಯ ಗದ್ದಲದಲ್ಲಿ ಕಳವಾಯಿತು. ಅಲ್ಲಿಗೆ ನನ್ನ ಕಸೂತಿ ಭೂಮಿಯ ಮೇಲೆ ಇದ್ದದ್ದು ಈ ಮಶೀನಿನ ಹೊಟ್ಟೆಯಲ್ಲಿ ಮಾತ್ರ.

ಅಂಥ ಮಶೀನು ಹೊಸ ಕೆಲಸ ಉಳಿಸಿಕೊಳ್ಳುವುದಿಲ್ಲ ಅಂತ ಕೂತಿತು. ಮಗ ಮಲ್ಲು ತುರ್ಭೆಯ ಗೋಡೌನಿಗೆ ಹೊರಟಿದ್ದ. ಬೂಟು ಕಟ್ಟುತ್ತಲೇ ತೀರ್ಪು ಕೊಟ್ಟ.

"ಮುದಿಯಾಗೇತವ್ವ ಅದು. ಫಾರ್ಮ್ಯಾಟ್ ಮಾಡಿಸಿದ್ರಾತು."

"ಹಂಗಂದ್ರ?"

"ಒಳಗಿಂದೆಲ್ಲಾ ಒರಸಿ ಹಾಕೋದು. ಹೊಸದಾಗತೇತಿ."

"ಮುದಿ ಆದವರನ್ನ ಒರಸಿ ಹಾಕತಾರೇನೋ? ನನ್ನ ಸರದಿ ಎಂದು?"

"ನಿನ್ನ ಒರಸಾಕ ಯಾವ ಬಟ್ಟಿ ಸಾಲತೇತಿ, ಹೇಳು" ಅಂತ ನಕ್ಕು ಗಾಡಿಗೆ ಓಡಿದ. ನಾನು ನಗಲಿಲ್ಲ. ಶಾರದಾನೂ ನಗಲಿಲ್ಲ. ಕಾರ್ಖಾನೆಯವರ ಹತ್ತಿರ ಇನ್ನೊಂದು ದಿನ ಕೇಳಿಕೊಂಡು ಬರುತ್ತೇನೆ ಅಂತ ಅವಳು ಕಲ್ಯಾಣಕ್ಕೆ ಹೋದಳು. ಹೋಗುವಾಗ ಮಗಳಿಗೆ, "ತೇಜೂ, ಇದಕ್ಕೇನಾಗೇತಿ ನೋಡ. ಜಾಗ ಮಾಡ" ಅಂದಳು.

ತೇಜೂ ಕಾಲೇಜಿಗೆ ಹೋಗುವ ಮೊಮ್ಮಗಳು. ನಾನು ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ನಮ್ಮಿಬ್ಬರ ಜಗಳ ಗಡಿಯ ಬಸ್ಸಿನ ಬೋರ್ಡಿನಂತೆ, ಒಂದು ಕಡೆ ಒಂದು ಭಾಷೆ, ಇನ್ನೊಂದು ಕಡೆ ಇನ್ನೊಂದು. ಅವಳು ಕೂತು ಟಕ ಟಕ ಒತ್ತಿ, ಯಾರು ಎಷ್ಟು ಜಾಗ ನುಂಗಿದ್ದಾರೆ ಅಂತ ತೆಗೆದಳು. ನನ್ನನ್ನೂ ಪಕ್ಕದಲ್ಲಿ ಕೂಡಿಸಿಕೊಂಡಳು. ನೋಡುತ್ತಾ ನೋಡುತ್ತಾ ಅವಳೇ ಬಾಯಿ ತೆರೆದಳು.

"ಬಾಪ್‌ರೇ! ಆಜೀ, ಜುನಾ ಸಿಸ್ಟಮ್ ಪೂರಾ ಇಥೇಚ್ ಆಹೇ."

ಹಳೇ ಸಿಸ್ಟಮ್ ಪೂರಾ ಇಲ್ಲೇ ಇದೆ ಅಂತ. ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಿರಿ. ವಾರದ ಹಿಂದೆ ಶಾರದಾ ತಮ್ಮನ ಕೂಸಿನ ಹೆಸರಿಡುವ ಕಾರ್ಯಕ್ಕೆ ಊರಿಗೆ ಹೋಗಿ, ಹಿಂದಿನ ರಾತ್ರಿಯಷ್ಟೇ ಬಂದಿದ್ದಳು. ಅವಳಿಲ್ಲದಾಗ ತೇಜೂ ಈ ಮಶೀನಿಗೆ ಅಪ್‌ಡೇಟ್ ಮಾಡಿದ್ದಳು, ಅಂದರೆ ಹೊಸ ಸಿಸ್ಟಮ್ ಹಾಕಿದ್ದಳು. ಹೊಸದು ಬಂದು ಸಂಸಾರ ಹೂಡಿದಾಗ ಹಳೆಯದು ಹೊರಗೆ ಹೋಗುವುದಿಲ್ಲವಂತೆ. ಅಡಿಗೆ, ಮಡಕೆ, ಬಾಗಿಲು ಸಮೇತ ಒಂದು ಫೋಲ್ಡರಿನಲ್ಲಿ ಗಂಟು ಕಟ್ಟಿಕೊಂಡು ಅಲ್ಲೇ ಕೂತಿರುತ್ತದಂತೆ. ಹೊಸದು ಒಗ್ಗದಿದ್ದರೆ ತಿರುಗಿ ಹಳೆಯದಕ್ಕೆ ಹೋಗಲು ದಾರಿ ಇರಲಿ ಅಂತ. ಕೆಲವು ದಿನವಾದ ಮೇಲೆ ಮಶೀನು ತಾನೇ ಅದನ್ನು ತೆಗೆದುಹಾಕುವುದೂ ಉಂಟಂತೆ.

ನಾನು ದಂಗಾದೆ. ಮಶೀನಿಗೆ ಈ ಬುದ್ಧಿ ಯಾರು ಕಲಿಸಿದರು? ಇದು ನನ್ನ ಗಂಡನ ಬುದ್ಧಿ! ಶಹಾಡಿನಿಂದ ಡೊಂಬಿವಲಿಗೆ ಬಂದಾಗ ಆ ಮನುಷ್ಯ ಹಳೇ ರೂಮಿನ ಕೀಲಿ ಬಿಟ್ಟುಕೊಡಲಿಲ್ಲ. ಅಲ್ಲಿ ಒಂದು ಚಾಪೆ, ಒಂದು ಕೊಡ ಬಿಟ್ಟು ಬೀಗ ಹಾಕಿ ಬಂದ. "ಇಲ್ಲಿ ನೀರು ಒಗ್ಗಲಿಲ್ಲಂದ್ರ?" ಅಂತ ಕೇಳುತ್ತಿದ್ದ. ನೀರು ಒಗ್ಗಿತು, ಗಾಳಿ ಒಗ್ಗಿತು, ಮೊಮ್ಮಗಳೂ ಹುಟ್ಟಿದಳು. ಕೀಲಿ ಮಾತ್ರ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಲೇ ಇತ್ತು. ಅಷ್ಟರಲ್ಲಿ ಮಾಲೀಕ ಯಾವಾಗಲೋ ಬೀಗ ಒಡೆದು ಬೇರೆಯವರನ್ನು ತುಂಬಿದ್ದ. ಗಂಡ ಹೋದ. ಯಾವ ಬೀಗಕ್ಕೂ ಹತ್ತದ ಕೀಲಿ ಇನ್ನೂ ಅಲ್ಲೇ ಇದೆ. ಬಿಸಾಡಲು ಕೈ ಹೋಗುತ್ತದೆ, ಆಮೇಲೆ ಅದು ಏನು ತಿನ್ನುತ್ತದೆ, ಇರಲಿ ಅನಿಸುತ್ತದೆ. ಕಂಪ್ಯೂಟರಿನ ಹಳೇ ಸಂಸಾರ ಮಾತ್ರ ತಿನ್ನುತ್ತದೆ. ಅರ್ಧ ಹೊಟ್ಟೆ ಅದೇ ತಿಂದಿತ್ತು.

"ಹಂಗಾದ್ರ ತಗದ ಒಗಿ" ಅಂದೆ.

ತೇಜೂ ಆ ಫೋಲ್ಡರನ್ನು ಎಳೆದು ಕಸದ ಬುಟ್ಟಿಗೆ ಹಾಕಲು ಹೋದಳು. ಮಶೀನು ಪರ್ಮಿಶನ್ ಕೇಳಿತು. ಪರ್ಮಿಶನ್ ಕೊಟ್ಟಳು. ನಿನಗೆ ಆ ಅಧಿಕಾರ ಇಲ್ಲ ಅಂತು. ನಮ್ಮ ಮನೆ, ನಮ್ಮ ಮೇಜು, ನಮ್ಮ ಕರೆಂಟು. "ಸೊಸಿ ಹಂಗ ಮಾತಾಡತೇತಲ್ಲ ಇದು" ಅಂದೆ. ತೇಜೂ ನಕ್ಕಳು. ಕೈಯಿಂದ ಕಿತ್ತು ಹಾಕಬಾರದಂತೆ, ಬೇರೆಯದೇನಾದರೂ ಜೊತೆಗೆ ಕಿತ್ತು ಬಂದರೆ ಮಶೀನೇ ಮಲಗುತ್ತದಂತೆ. ಅದಕ್ಕೆ ಅಂತಲೇ ಸೆಟ್ಟಿಂಗಿನ ಒಳಗೆ ಸ್ಟೋರೇಜ್ ಅಂತ ಜಾಗ ಇದೆ. ಅಲ್ಲಿ ತಾತ್ಕಾಲಿಕ ಸಾಮಾನಿನ ಪಟ್ಟಿ ಬರುತ್ತದೆ, ಬೇಡದ್ದಕ್ಕೆ ಗುರುತು ಹಾಕಿದರೆ ಮಶೀನೇ ಗುಡಿಸುತ್ತದೆ. ಅವಳು ಡೌನ್‌ಲೋಡಿನ ಮೇಲಿದ್ದ ಗುರುತು ತೆಗೆದಳು, ಅದರಲ್ಲಿ ಕಾಲೇಜಿನ ಕಾಗದ ಇವೆ ಅಂತ. ಹೊಸ ಸಿಸ್ಟಮ್ಮಿನಲ್ಲಿ ಎಂಬ್ರಾಯ್ಡರಿ ತೆರೆಯುತ್ತದೋ, ಪ್ರಿಂಟರ್ ಓಡುತ್ತದೋ ಅಂತ ನೋಡಿದಳು. ಹುಡುಗಿ ದಡ್ಡಿ ಅಲ್ಲ. ಆಮೇಲೆ ಹಳೇ ಸಿಸ್ಟಮ್ಮಿನ ಮುಂದೆ ಗುರುತು ಹಾಕಿದಳು. ಇದಾದ ಮೇಲೆ ಹಿಂದಕ್ಕೆ ಹೋಗಲು ಬರುವುದಿಲ್ಲ ಅಂತ ಮಶೀನು ಹೇಳಿತು.

"ಕರೂ ಕಾ, ಆಜೀ?"

ಮಾಡಲೇ ಅಂತ ಕೇಳಿದಳು. ಹೂಂ ಅನ್ನಬೇಕು, ಬಾಯಿಗೆ ಭಾಂಡೀವಾಲಿ ಅಡ್ಡ ಬಂದಳು. ಹಳೇ ಬಟ್ಟೆ ಕೊಡುವ ಮೊದಲು ಯಾರಾದರೂ ಕೊಡವದೆ ಕೊಡುತ್ತಾರೆಯೇ? ಪ್ಯಾಂಟಿನ ಕಿಸೆ, ಸೀರೆಯ ಸೆರಗಿನ ಗಂಟು ನೋಡಿಯೇ ಕೊಡುವುದು.

"ತಡಿ. ನನ್ನ ತೊಟ್ಟಿಲು ಎಲ್ಲೈತಿ ತೋರಸು ಮೊದಲ."

"ಆಜೀ, ಡೆಸ್ಕ್‌ಟಾಪ್ ವರ್ ಆಹೇ ನಾ, ಮಮ್ಮೀಚಾ ಫೋಲ್ಡರ್" ಅಂತ ತೆರೆದಳು. ಗುಲಾಬಿ ಇತ್ತು. ಮಲ್ಲಿಗೆ ಇತ್ತು. ಮಾವಿನಕಾಯಿ ಅಂಚು ಇತ್ತು. ತೊಟ್ಟಿಲು ಇಲ್ಲ. ಗಿಳಿ ಇಲ್ಲ. ತೇಜೂ ಇನ್ನೊಂದರಲ್ಲಿ ಹುಡುಕಿದಳು, ಮತ್ತೊಂದರಲ್ಲಿ ಹುಡುಕಿದಳು. ಅವಳ ಬೆನ್ನು ನೆಟ್ಟಗಾಯಿತು. ಅವಳ ಕೈ ಇನ್ನೂ ಇಲಿಯ ಮೇಲೇ ಇತ್ತು, ಅದೇ, ಕಂಪ್ಯೂಟರಿನ ಇಲಿ. ನಾನು ಅವಳ ಕೈಯ ಮೇಲೆ ನನ್ನ ಕೈ ಇಟ್ಟು ಒತ್ತಿ ಹಿಡಿದೆ. ಇಲಿ ಒಮ್ಮೆ ನನ್ನ ಕಸೂತಿ ತಿಂದಾಗಿತ್ತು, ಎರಡನೆಯ ಸಲ ಬಿಡುವವಳಲ್ಲ ನಾನು.

"ನಿಮ್ಮವ್ವಗ ಫೋನ್ ಹಚ್ಚು."

ಶಾರದಾ ಎತ್ತಿದಳು. ಹಿಂದೆ ಗಾಡಿಯ ಗದ್ದಲ, ಪಿನ್ನು ಮಾರುವವಳ ಕೂಗು.

"ಶಾರದಾ, ನನ್ನ ಕಸೂತಿ ಎಲ್ಲಿಟ್ಟೀಯವಾ?"

ಉತ್ತರ ಪಿಸುದನಿಯಲ್ಲಿ ಬಂತು. "ಅತ್ತಿ, ಗಾಡ್ಯಾಗ ಅದೀನಿ."

"ಇರು, ಯಾರು ಬ್ಯಾಡಂದ್ರು? ಎಲ್ಲಿಟ್ಟೀ ಹೇಳು."

"ಮಂದಿ ಅದಾರತ್ತಿ. ಮನಿಗೆ ಬಂದು ಹೇಳ್ತೀನಿ." ಕಟ್.

ತೇಜೂ ನನ್ನ ಮುಖ ನೋಡಿದಳು. ಅಮ್ಮನಿಗೆ ಹುಚ್ಚು ಹಿಡಿದಿದೆಯೇ, ಡಿಸೈನ್ ಎಲ್ಲಿದೆ ಅಂದರೆ ಲೇಡೀಸ್ ಬೋಗಿಯ ಹೆಂಗಸರು ಜಿಗಿದು ಬಂದು ಒಯ್ಯುತ್ತಾರೆಯೇ ಅಂತ ಮರಾಠಿಯಲ್ಲಿ ಕೇಳಿದಳು. ಆ ಹುಚ್ಚು ಹಿಡಿಸಿದವಳೇ ನಾನು. ಶಾರದಾ ಮದುವೆಯಾಗಿ ಬಂದಾಗ ಮೊದಲ ಪಾಠ ಅದೇ ಹೇಳಿದ್ದೆ. ಬಂಗಾರ ಎಲ್ಲಿದೆ ಅಂತ ಗಾಡಿಯಲ್ಲಿ ಬಾಯಿ ಬಿಡಬೇಡ. ಕಪಾಟಿನಲ್ಲಿ ಇಡಬೇಡ, ಕಳ್ಳ ಮೊದಲು ನೋಡುವುದು ಕಪಾಟು. ಬೆಲೆಬಾಳುವುದನ್ನು ಹೊಲಸು ಜಾಗದಲ್ಲಿ ಇಡು, ಯಾರಿಗೂ ಮುಟ್ಟಬೇಕು ಅನಿಸದಲ್ಲಿ. ನನ್ನ ಬೋರಮಾಳ ಸರ ಎಷ್ಟೋ ವರ್ಷ ಮಾಳಾದ ಮೇಲೆ ತುಕ್ಕು ಹಿಡಿದ ಸ್ಟೋವಿನ ಪಕ್ಕ ತೌಡಿನ ಡಬ್ಬಿಯಲ್ಲಿ ಇತ್ತು. ಕಿವಿಯೋಲೆ ಹಳೇ ಕೌದಿಯೊಳಗೆ ಹೊಲಿದಿತ್ತು. ಊರ ಕಡೆಯ ಹೆಂಗಸರೆಲ್ಲ ಹೀಗೇ. ನಮ್ಮ ಮನೆಗೆ ಬರುವ ಕಳ್ಳ ಕಸ ಕದ್ದರೆ ಮಾತ್ರ ಉದ್ಧಾರ ಆದಾನು.

ಶಾರದಾ ಬಂದಳು. ಚಪ್ಪಲಿ ಒಂದು ಹೊರಗೆ, ಒಂದು ಒಳಗೆ. ಬಾಗಿಲು ಹಾಕಿದ ಮೇಲೆ ಹೇಳಿದಳು.

"ಡೆಸ್ಕ್‌ಟಾಪಿನ ಮ್ಯಾಲ ಇಟ್ರ ಇಕಿ ಗೆಳತ್ಯಾರು ಬಂದು ಗೇಮ್ ಹಾಕ್ತಾರ, ಅಳಸ್ತಾರ. ಅದಕ್ಕ ಮಶೀನಿಂದ ಸ್ವಂತ ಸಾಮಾನ ಇರತಾವಲ್ಲ, ಅದರ ನಡಬರಕ ಇಟ್ಟೀನಿ. ಅಲ್ಲೆಲ್ಲಾ ಓದಾಕ ಬರಲಾರದ ಹೆಸರು. ಯಾರೂ ಕೈ ಹಾಕಂಗಿಲ್ಲ."

"ಮಮ್ಮೀ! ಸಿಸ್ಟಮ್ ಫೋಲ್ಡರ್ ಮಧೇ?" ಅಂತ ತೇಜೂ ಹಣೆ ಹೊಡೆದುಕೊಂಡಳು.

ಶಾರದಾ ತಾನೇ ಕೂತು ಆ ಜಾಗ ತೆರೆದಳು. ಅಲ್ಲಿ ಇರಲಿಲ್ಲ. ಮೇಲೆ ಮಾಡಿದಳು, ಕೆಳಗೆ ಮಾಡಿದಳು. ಇರಲಿಲ್ಲ. ಅವಳ ಮುಖದ ರಕ್ತ ಇಳಿದದ್ದು ಪೊರೆ ಬಂದ ನನ್ನ ಕಣ್ಣಿಗೂ ಕಂಡಿತು. "ಅತ್ತಿ, ಕಾರ್ಖಾನೇರು ಒಂದಿನ ಸುದ್ದಾ ಕೊಡಲಿಲ್ಲ. ನಾಳೆ ತೊಟ್ಟಿಲು ತೋರಸಲಿಲ್ಲಂದ್ರ ಆರ್ಡರು ಬ್ಯಾರೇದವರಿಗೆ ಅಂದ್ರು" ಅಂದಳು. ನನ್ನ ಕಡೆ ನೋಡಲಿಲ್ಲ, ಡಬ್ಬಿಯ ಕಡೆ ನೋಡಿದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

ತೇಜೂ ಮಾತ್ರ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, ಎಂದೂ ಆಡದ ಕನ್ನಡದಲ್ಲಿ ಅಂದಳು. "ಹಳೇ ಮನೀ ಒಳಗ ಇಟ್ಟಿದ್ದು, ಹಳೇ ಮನೀ ಜೊತಿಗೇ ಹೋಗಿರತೈತಿ."

ಮೂವರಿಗೂ ಒಂದೇ ಸಲ ತಿಳಿಯಿತು. ಅಪ್‌ಡೇಟ್ ಬಂದಾಗ ಮಶೀನು ಹಳೇ ಸಿಸ್ಟಮ್ಮಿನ ಜೊತೆ ಅದರ ನಡುವೆ ಇದ್ದ ನನ್ನ ತೊಟ್ಟಿಲನ್ನೂ ಗಂಟು ಕಟ್ಟಿಬಿಟ್ಟಿತ್ತು. ಗುಡಿಸಿ ಹಾಕಲು ಗುರುತು ಹಾಕಿಟ್ಟದ್ದು ಅದೇ ಗಂಟು. ಮೊದಲ ಸಲ ಕೇಳಿದಾಗಲೇ ನಾನು ಹೂಂ ಅಂದಿದ್ದರೆ? ಗಂಡ ತೀರಿಕೊಂಡ ದಿನವೂ ನಾನು ನೀರು ಕೇಳಿ ಕುಡಿದವಳಲ್ಲ. ಅಂದು ಕೇಳಿ ಕುಡಿದೆ.

ತೇಜೂ ಗುರುತು ತೆಗೆದು, ಹಳೇ ಗಂಟಿನೊಳಗೆ ಇಳಿದಳು. ಫೋಲ್ಡರಿನೊಳಗೆ ಫೋಲ್ಡರು, ಈರುಳ್ಳಿ ಸುಲಿದ ಹಾಗೆ. "ಏನಂತ ಹೆಸರಿಟ್ಟಿದ್ದಿ?" ಅಂತ ಸೊಸೆಯನ್ನು ಕೇಳಿದೆ. ಹೇಳಲು ನಾಚಿಕೊಂಡಳು. "ತೌಡು" ಅಂದಳು.

ತೌಡು ಸಿಕ್ಕಿತು. ತೆರೆದರೆ ತೊಟ್ಟಿಲು ಇತ್ತು. ಗಿಳಿ, ತುಳಸಿಕಟ್ಟೆ, ಗೋಪುರ, ಆನೆ. ಮೂಗು ಪರದೆಗೆ ತಾಗುವ ಹಾಗೆ ಬಾಗಿ ಆನೆಯ ಕಾಲು ಎಣಿಸಿದೆ. ಸರಿ ಇದ್ದವು. ಕಣ್ಣೀರು ಬರಲಿಲ್ಲ, ಬೈಗುಳ ಬಂದವು. ತೌಡಿಗೆ ಒಂದು, ಮಶೀನಿಗೆ ಎರಡು, ಭಾಂಡೀವಾಲಿಗೆ ಒಂದು. ಅವಳೇನು ಮಾಡಿದ್ದಳೋ ಕೇಳಬೇಡಿರಿ.

ಮೊದಲು ಎಲ್ಲ ಒಂದು ಪೆನ್ ಡ್ರೈವಿಗೆ ಇಳಿಸಿದರು. ಇಳಿಯಿತು ಅಂತ ಮಶೀನು ಹೇಳಿದರೆ ನಾನು ನಂಬಲಿಲ್ಲ. ಕಿತ್ತು, ಮತ್ತೆ ಚುಚ್ಚಿ, ಒಂದೊಂದೇ ತೆರೆದು ತೋರಿಸು ಅಂದೆ. ತೋರಿಸಿದರು. ಹೊಸ ಸಿಸ್ಟಮ್ಮಿನಲ್ಲಿ ಶಾರದಾಳ ಸ್ವಂತ ಫೋಲ್ಡರಿಗೂ ಒಂದು ಜೋಡಿ ಹಾಕಿದರು. ಹಳೇ ಗಂಟನ್ನು ಇನ್ನೊಮ್ಮೆ ಕೊಡವಿ ನೋಡಿದರು. ಆಮೇಲೆ ತೇಜೂ ಮತ್ತೆ ಕೇಳಿದಳು, ಕರೂ ಕಾ?

"ಒತ್ತು" ಅಂದೆ.

ಬೇಳೆ ಬೇಯುವಷ್ಟು ಹೊತ್ತು ಗುಡಿಸಿತು. ಗುಡಿಸಿದ ಮೇಲೆ ಒಳಗೆ ಎಷ್ಟು ಜಾಗ ಅಂತೀರಿ! ಮಶೀನಿನೊಳಗೆ ಅಂಗಳವೇ ಬಿದ್ದ ಹಾಗೆ. ನನ್ನ ಕಾಲು ಮಾತ್ರ ಮೇಜಿನ ಕೆಳಗೇ ಇವೆ. ಮರುದಿನ ಶಾರದಾ ತೊಟ್ಟಿಲು ತೋರಿಸಿ ಆರ್ಡರ್ ಉಳಿಸಿಕೊಂಡು ಬಂದಳು. ಮೊದಲ ಬ್ಲೌಸು ತಂದು ನನ್ನ ಕೈಗೆ ಕೊಟ್ಟಳು. ತಿರುಗಿಸಿ ನೋಡಿದೆ. ಹಿಂಬದಿ ದಾರದ ಜಾತ್ರೆ. "ಮಶೀನಿನ ಕಸೂತಿಗೆ ಬೆನ್ನು ಇರತೇತಿ" ಅಂದೆ. "ಹೂಂ ಅತ್ತಿ, ಎದಿನಾದ್ರೂ ನಿಮ್ಮದೇ ಐತೆಲ್ಲ" ಅಂದಳು. ಮಾತು ಕಲಿತಿದ್ದಾಳೆ.

ಪೆನ್ ಡ್ರೈವನ್ನು ಶಾರದಾ ಕೆಂಪು ದಾರ ಕಟ್ಟಿ, ಬಾಗಿಲ ಪಕ್ಕದ ಮೊಳೆಗೆ, ಶಹಾಡಿನ ಕೀಲಿಯ ಜೊತೆ ನೇತು ಹಾಕಿದಳು. ಇನ್ನು ಮುಂದೆ ಬೆಲೆಬಾಳುವುದು ಎಲ್ಲರಿಗೂ ಕಾಣುವ ಹಾಗೆ ಇರಬೇಕು, ಬಚ್ಚಿಡುವುದು ಸಾಕು ಅಂತ ಮನೆಗೆಲ್ಲ ಕಾನೂನು ಮಾಡಿದಳು. ನಾನು ಗೋಣು ಹಾಕಿದೆ. ಆದರೆ ಹಾಲಿನವ ಬರುತ್ತಾನೆ, ಗ್ಯಾಸಿನವ ಬರುತ್ತಾನೆ, ತೇಜೂನ ಗೆಳತಿಯರು ಬರುತ್ತಾರೆ. ಬಂದವರ ಕಣ್ಣೆಲ್ಲ ಆ ಕೆಂಪು ದಾರದ ಮೇಲೇ. ನಾಲ್ಕು ದಿನ ತಡೆದೆ. ಐದನೆಯ ದಿನ ಕೈ ತಡೆಯಲಿಲ್ಲ.

ಎಲ್ಲಿಟ್ಟಿದ್ದೇನೆ ಅಂತ ನಿಮಗೆ ಹೇಳುವುದಿಲ್ಲ. ಆದರೆ ಇಟ್ಟ ಮೇಲೆ ಒಬ್ಬರಿಗಾದರೂ ಹೇಳಿರಬೇಕು ಅನ್ನುವ ಬುದ್ಧಿ ಈಗ ಬಂದಿದೆ. ತೇಜೂನ ಕಿವಿಯಲ್ಲಿ ಹೇಳಿದೆ. ಅವಳ ಕಣ್ಣು ಹಣೆಗೆ ಹೋದವು.

"ಆಜೀ! ತಿಥೇ?" ಅಂದಳು, ಅಲ್ಲಿಯಾ ಅಂತ.

"ಪ್ಲಾಸ್ಟಿಕ್ ಸುತ್ತೀನಿ. ಬಾಯಿ ಮುಚ್ಚು."

ಅಂದಿನಿಂದ ಮನೆಯಲ್ಲಿ ಆ ಬಿಗಿ ಮುಚ್ಚಳ ತೆಗೆದು ಚಹಾ ಮಾಡುವುದು ನಾನೊಬ್ಬಳೇ.